ಬೆಳೆಯುವ ನಗರವೂ ಬೆಂಕಿಯ ಕಾವಲೂ

ನಗರವೊಂದು ಬೆಳೆಯುತ್ತಿದೆಯೆಂಬುದಕ್ಕೆ ನಾವು ಸಾಧಾರಣವಾಗಿ ಕೊಡುವ ಸಾಕ್ಷ್ಯಗಳು ಅದರ ಹೊಸ ಬಡಾವಣೆಗಳು, ಮುಗಿಲಿಗೆ ಮೊಗವೆತ್ತಿದ ಸೌಧಗಳು, ದಿನದಿನಕ್ಕೆ ಹೆಚ್ಚುವ ಕಾರ್ಖಾನೆ ಕಚೇರಿಗಳು, ಮತ್ತು ಇವನ್ನೆಲ್ಲ ನಂಬಿ ಹೊರಗಿನಿಂದ ಬಂದು ನೆಲೆಸುವ ಜನಸಮೂಹ. ಆದರೆ ಹೀಗೆ ಬೆಳೆದ ಊರಿನ ಒಂದು ಓಣಿಯಲ್ಲಿ ನಡುರಾತ್ರಿಯ ಹೊತ್ತಿನಲ್ಲಿ ಮನೆಯೊಂದಕ್ಕೆ ಬೆಂಕಿ ತಗುಲಿದರೆ ಎಷ್ಟು ನಿಮಿಷಗಳೊಳಗಾಗಿ ನೀರು ಅಲ್ಲಿಗೆ ಮುಟ್ಟೀತು, ಮುಟ್ಟಿದ ನೀರು ಎಷ್ಟು ಹೊತ್ತು ನಿಂತೀತು, ಅದನ್ನು ಹಿಡಿದು ಒಳನುಗ್ಗಬಲ್ಲ ಶಿಕ್ಷಿತ ಕೈಗಳು ಎಷ್ಟಿವೆ ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳಿಂದಲೂ ಆ ಬೆಳವಣಿಗೆಯನ್ನು ಅಳೆಯಬೇಕಾದದ್ದು ನ್ಯಾಯ. ಈ ಅಳತೆಗೋಲನ್ನು ಹಿಡಿದು ನೋಡಿದರೆ ನಮ್ಮ ದೇಶದ ದೊಡ್ಡ ಊರುಗಳಲ್ಲಿ ಬಹುಮಟ್ಟಿನವು ವಿಸ್ತಾರದಲ್ಲಿ ಬೆಳೆದಿವೆಯೇ ಹೊರತು ರಕ್ಷಣೆಯಲ್ಲಿ ಬೆಳೆದಿಲ್ಲವೆಂದು ಒಪ್ಪಬೇಕಾಗುತ್ತದೆ.

ಬೆಂಗಳೂರನ್ನೇ ತೆಗೆದುಕೊಳ್ಳೋಣ. ಈ ಶತಮಾನದ ಆರಂಭದಲ್ಲಿ ಸುಮಾರು 226 ಚದರ ಕಿಲೋಮೀಟರುಗಳಷ್ಟಿದ್ದ ಪಾಲಿಕೆಯ ಎಲ್ಲೆ, ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಕ್ಕೂ ಮಿಕ್ಕ ಹಳ್ಳಿಗಳನ್ನೂ ಒಳಗೊಂಡು 2007ರಲ್ಲಿ 700 ಚದರ ಕಿಲೋಮೀಟರುಗಳನ್ನು ದಾಟಿತು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 84 ಲಕ್ಷವೆಂದು ಎಣಿಕೆಯಾಯಿತು. ಆಮೇಲೆ ಅದು ಎಷ್ಟು ಹಿಗ್ಗಿದೆಯೆಂಬುದನ್ನು ಬೆಳಗಿನ ಹೊತ್ತು ಹೊರವರ್ತುಲ ರಸ್ತೆಯಲ್ಲಿ ನಿಂತವರೆಲ್ಲರೂ ಬಲ್ಲರು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳು ಈ ಊರನ್ನು ಹಂಚಿಕೊಂಡು ಆಳುವ ಏರ್ಪಾಡು ಜಾರಿಗೆ ಬಂದಿದೆ. ಆಡಳಿತದ ಗೆರೆಗಳನ್ನು ಹೊಸದಾಗಿ ಎಳೆಯುವ ಇಂಥ ಸಂಧಿಕಾಲದಲ್ಲಿಯೇ ಅಗ್ನಿಶಾಮಕ ವ್ಯವಸ್ಥೆಯ ವಿಚಾರವನ್ನು ಮೂಲದಿಂದ ಎತ್ತಿಕೊಳ್ಳುವುದು ಉಚಿತ. ಯಾಕೆಂದರೆ ಗೆರೆಗಳು ಗಟ್ಟಿಯಾದ ಮೇಲೆ ಅವನ್ನು ತಿದ್ದುವುದು ಬಹು ಪ್ರಯಾಸದ ಕೆಲಸ.

ಬೆಂಕಿ ಈ ಊರಿಗೆ ಪಾಠ ಹೇಳದೆ ಬಿಟ್ಟಿಲ್ಲ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹತ್ತಿ ಉರಿದು 92 ಮಂದಿ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಮಂದಿ ಪ್ರಾಣ ಕಳೆದುಕೊಂಡರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ, ದೀಪಾವಳಿಯ ವ್ಯಾಪಾರಕ್ಕೆಂದು ಬಂದ ಸರಕನ್ನು ಇಳಿಸುತ್ತಿದ್ದ ವೇಳೆಯಲ್ಲಿ ಬೆಂಕಿ ಎದ್ದು, ದಿನಗೂಲಿಗೆ ಬಂದಿದ್ದ ಹದಿಹರೆಯದವರೂ ಸೇರಿ ಹತ್ತಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ಪ್ರತಿಯೊಂದು ದುರಂತದ ಬೆನ್ನಿಗೂ ವಿಚಾರಣೆಗಳು ನಡೆದವು, ನೋಟೀಸುಗಳು ಹೊರಟವು, ಕೆಲವು ತಿಂಗಳು ತಪಾಸಣೆಯ ಸಂಭ್ರಮವೂ ಕಂಡಿತು. ಆ ಬಳಿಕ ಊರು ತನ್ನ ದೈನಂದಿನ ವ್ಯವಹಾರಕ್ಕೆ ಮರಳಿತು. ಶೋಕದ ಕಾವಿನಲ್ಲಿ ಮಾಡಿದ ಏರ್ಪಾಡು ಶೋಕದೊಡನೆಯೇ ಆರಿಹೋಗುತ್ತದೆ. ಅಗ್ನಿರಕ್ಷಣೆಯು ನಗರಯೋಜನೆಯ ನಿತ್ಯಾಂಗವಾಗಬೇಕು, ಊರು ಒಂದು ಹೆಜ್ಜೆ ಮುಂದಿಡುವುದಕ್ಕೆ ಮೊದಲೇ ಠಾಣೆಯೂ ನೀರೂ ಅಲ್ಲಿಗೆ ಹೋಗಿ ಕಾದಿರಬೇಕು ಎಂಬುದೇ ಈ ಬರಹದ ಮುಖ್ಯ ವಾದ.

ಇದಕ್ಕೆ ಕಾರಣವನ್ನು ಬೆಂಕಿಯ ಸ್ವಭಾವದಲ್ಲಿಯೇ ಹುಡುಕಬೇಕು. ಮೊದಲನೆಯ ನಿಮಿಷದಲ್ಲಿ ಒಂದು ಕೊಡ ನೀರಿನಿಂದ ಆರಬಹುದಾದ ಉರಿ, ಸ್ವಲ್ಪ ಹೊತ್ತಿನಲ್ಲಿಯೇ ಒಂದು ವಾಹನದ ನೀರಿಗೂ ಜಗ್ಗದಂತಾಗುತ್ತದೆ. ಮುಚ್ಚಿದ ಕೋಣೆಯೊಂದರಲ್ಲಿ ಹೊತ್ತಿದ ಬೆಂಕಿಯ ಬಿಸಿ ಅನಿಲಗಳು ಮೇಲಕ್ಕೇರಿ ಚಾವಣಿಯ ಕೆಳಗೆ ಮಡುಗಟ್ಟಿ, ಅಲ್ಲಿಂದ ತಮ್ಮ ಕಾವನ್ನು ಕೆಳಗಿನ ವಸ್ತುಗಳ ಮೇಲೆ ಸುರಿಸುತ್ತವೆ. ಆ ಮಡುವಿನ ಉಷ್ಣತೆ 500ರಿಂದ 600 ಡಿಗ್ರಿ ಸೆಲ್ಸಿಯಸ್ಸಿಗೆ ಮುಟ್ಟಿತೆಂದರೆ ಕೋಣೆಯಲ್ಲಿರುವ ಸಮಸ್ತ ವಸ್ತುಗಳೂ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಹತ್ತಿ, ಮರ, ನಾರುಗಳ ಸಾಮಾನಿನಿಂದ ಕೂಡಿದ್ದ ಹಳೆಯ ಕಾಲದ ಮನೆಯಲ್ಲಿ ಈ ಸ್ಥಿತಿಗೆ ಬರಲು ಬೆಂಕಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ಫೋಮ್ ಹಾಸಿಗೆ, ಪ್ಲಾಸ್ಟಿಕ್ಕಿನ ಕುರ್ಚಿ, ರಾಸಾಯನಿಕ ನೂಲಿನ ಪರದೆಗಳಿಂದ ತುಂಬಿದ ಇಂದಿನ ಕೋಣೆಯಲ್ಲಿ ಐದು ನಿಮಿಷಕ್ಕೆ ಮುಂಚೆಯೇ ಅದು ಬಂದುಬಿಡಬಹುದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಆ ಕ್ಷಣಕ್ಕೆ ಮುಂಚೆ ಬಂದವನು ಕೋಣೆಯನ್ನು ಉಳಿಸುತ್ತಾನೆ, ಆಮೇಲೆ ಬಂದವನು ಪಕ್ಕದ ಮನೆಯನ್ನು ಉಳಿಸಲು ಹೆಣಗುತ್ತಾನೆ. ಅಗ್ನಿಶಾಮಕ ದಳದ ಸಂಘಟನೆಯೆಂದರೆ ಮೊತ್ತಮೊದಲಿಗೆ ನಿಮಿಷಗಳ ಸಂಘಟನೆ.

ನಿಮಿಷಗಳ ಲೆಕ್ಕವನ್ನು ನಮ್ಮ ದೇಶದಲ್ಲಿ ಯಾರೂ ಹಾಕಿಲ್ಲವೆಂದಲ್ಲ. ಕೇಂದ್ರ ಸರ್ಕಾರವು 1950ರ ದಶಕದಲ್ಲಿ ನೇಮಿಸಿದ ಸ್ಥಾಯೀ ಅಗ್ನಿ ಸಲಹಾ ಸಮಿತಿಯ ಕಾಲದಿಂದ ರೂಪುಗೊಂಡು ಬಂದ ಮಾನದಂಡಗಳ ಪ್ರಕಾರ, ನಗರಪ್ರದೇಶದಲ್ಲಿ ಕರೆ ಬಂದ 5ರಿಂದ 7 ನಿಮಿಷಗಳೊಳಗೆ ದಳವು ಸ್ಥಳಕ್ಕೆ ಮುಟ್ಟಬೇಕು, ಮತ್ತು ಸುಮಾರು 10 ಚದರ ಕಿಲೋಮೀಟರುಗಳಿಗೆ ಒಂದು ಠಾಣೆ ಇರಬೇಕು. ಈ ಎರಡು ಅಂಕಿಗಳು ಒಂದಕ್ಕೊಂದು ಹೇಗೆ ಹೊಂದುತ್ತವೆಂಬುದನ್ನು ಸರಳ ಗಣಿತದಿಂದಲೇ ಕಾಣಬಹುದು. ಹತ್ತು ಚದರ ಕಿಲೋಮೀಟರಿನ ವೃತ್ತವೊಂದರ ತ್ರಿಜ್ಯ 1.8 ಕಿಲೋಮೀಟರಿನಷ್ಟು, ರಸ್ತೆಗಳ ಅಂಕುಡೊಂಕನ್ನು ಸೇರಿಸಿದರೆ ಅಂಚಿನ ಮನೆಗೆ ದಾರಿ ಸುಮಾರು ಎರಡೂವರೆ ಕಿಲೋಮೀಟರು, ಗಂಟೆಗೆ 25 ಕಿಲೋಮೀಟರಿನ ವೇಗದಲ್ಲಿ ಆ ದಾರಿಗೆ 6 ನಿಮಿಷ. ಈ ಅಳತೆಯಿಂದ ಬೆಂಗಳೂರಿಗೆ ಎಪ್ಪತ್ತಕ್ಕೂ ಹೆಚ್ಚು ಠಾಣೆಗಳು ಬೇಕಾಗುತ್ತವೆ. ಇರುವವು ಅದರ ಅರ್ಧಕ್ಕೂ ಮುಟ್ಟುವುದಿಲ್ಲ.

ಆದರೆ ಕೊರತೆಯ ಪೂರ್ಣಸ್ವರೂಪ ಇದರಿಂದಲೂ ಗೋಚರವಾಗುವುದಿಲ್ಲ. ದಟ್ಟಣೆಯಿಂದಾಗಿ ವಾಹನದ ವೇಗ ಗಂಟೆಗೆ 25ರಿಂದ 12 ಅಥವಾ 13 ಕಿಲೋಮೀಟರಿಗೆ ಇಳಿಯಿತೆನ್ನೋಣ. ಆಗ ಅದೇ ಆರು ನಿಮಿಷಗಳಲ್ಲಿ ಕ್ರಮಿಸಬಹುದಾದ ದಾರಿ ಅರ್ಧವಾಗುತ್ತದೆ. ದಾರಿ ಅರ್ಧವಾದರೆ, ವೃತ್ತದ ವಿಸ್ತೀರ್ಣವು ತ್ರಿಜ್ಯದ ವರ್ಗವನ್ನು ಅನುಸರಿಸುವುದರಿಂದ, ಆ ಠಾಣೆ ಕಾಯಬಲ್ಲ ಪ್ರದೇಶವು ಕಾಲುಭಾಗಕ್ಕೆ ಕುಗ್ಗುತ್ತದೆ. ಒಂದು ಠಾಣೆಯನ್ನೂ ಮುಚ್ಚದೆ, ಒಂದು ವಾಹನವನ್ನೂ ಮಾರದೆ, ಒಬ್ಬ ಸಿಬ್ಬಂದಿಯನ್ನೂ ತೆಗೆಯದೆ, ರಸ್ತೆ ತುಂಬಿಹೋಯಿತೆಂಬ ಒಂದೇ ಕಾರಣದಿಂದ ನಗರವು ತನ್ನ ರಕ್ಷಣೆಯ ಮುಕ್ಕಾಲು ಪಾಲನ್ನು ಕಳೆದುಕೊಳ್ಳುವುದು ಹೀಗೆ. ಆದಕಾರಣ ಜನಸಂಖ್ಯೆಯ ತಲೆಯೆಣಿಕೆಯಿಂದಾಗಲಿ ಚದರ ಕಿಲೋಮೀಟರಿನ ಭಾಗಾಕಾರದಿಂದಾಗಲಿ ಠಾಣೆಗಳನ್ನು ಹಂಚುವುದು ಸಾಲದು. ಬೆಳಗಿನ ಒಂಬತ್ತು ಗಂಟೆಗೆ, ಸಂಜೆಯ ಆರು ಗಂಟೆಗೆ, ನಡುರಾತ್ರಿಗೆ ಒಂದೊಂದು ಠಾಣೆಯಿಂದ ಆರು ನಿಮಿಷಗಳಲ್ಲಿ ಎಲ್ಲೆಲ್ಲಿಗೆ ಹೋಗಬಹುದೆಂಬುದನ್ನು ಅಳೆದು ನಕ್ಷೆ ಬರೆದು, ಆ ನಕ್ಷೆಯಲ್ಲಿ ಖಾಲಿ ಉಳಿದ ತಾಣಗಳನ್ನು ಗುರುತಿಸಬೇಕು. ವಾಹನಗಳ ಚಲನೆಯನ್ನು ಕ್ಷಣಕ್ಷಣಕ್ಕೂ ತಿಳಿಸುವ ಉಪಕರಣಗಳು ಪ್ರತಿಯೊಬ್ಬರ ಜೇಬಿನಲ್ಲಿಯೂ ಇರುವ ಈ ಕಾಲದಲ್ಲಿ ಅಂಥ ನಕ್ಷೆಯನ್ನು ಸಿದ್ಧಪಡಿಸುವುದು ಕಷ್ಟದ ಮಾತಲ್ಲ.

ಖಾಲಿ ತಾಣ ಗುರುತಾಯಿತು; ಅಲ್ಲಿ ಠಾಣೆ ಕಟ್ಟಲು ನೆಲವೆಲ್ಲಿ? ಬಹುತೇಕ ಪ್ರಸ್ತಾವಗಳು ಎಡವಿ ಬೀಳುವುದು ಇಲ್ಲಿಯೇ. ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವಾಗ ಶಾಲೆ, ಆಸ್ಪತ್ರೆ, ಉದ್ಯಾನಗಳಿಗಾಗಿ ನೆಲವನ್ನು ಬಿಡಿಸುವ ಪದ್ಧತಿ ಉಂಟಷ್ಟೆ, ಜನ ಸಿ.ಎ. ಸೈಟುಗಳೆಂದು ಕರೆಯುವ ಆ ನಾಗರಿಕ ಸೌಲಭ್ಯ ನಿವೇಶನಗಳಲ್ಲಿ ಅಗ್ನಿಶಾಮಕ ಠಾಣೆಗೆ ಒಂದು, ಅದೂ ಎರಡು ಕಡೆಗೆ ಹೊರಡಬಹುದಾದ ಅಗಲದ ರಸ್ತೆಯ ಮೇಲೆ, ಕಡ್ಡಾಯವಾಗಿ ಮೀಸಲಾಗತಕ್ಕದ್ದು. ಮಂಜೂರಾತಿಯೇ ಇಲ್ಲದೆ ಎದ್ದ ರೆವಿನ್ಯೂ ಬಡಾವಣೆಗಳಲ್ಲಿ ಇಂಥ ನೆಲ ಉಳಿದಿಲ್ಲ. ಅಲ್ಲಿ ಪಾಲಿಕೆಯ ಸಂಕೀರ್ಣಗಳ ನೆಲ ಅಂತಸ್ತಿನಲ್ಲಿ, ಬಸ್ ಡಿಪೋಗಳ ಒಂದು ಮೂಲೆಯಲ್ಲಿ, ಮೆಟ್ರೋ ನಿಲ್ದಾಣಗಳ ಮಗ್ಗುಲಲ್ಲಿ ಒಂದು ವಾಹನ ಮತ್ತು ಆರೇಳು ಮಂದಿಯ ಉಪಠಾಣೆಗಳನ್ನಾದರೂ ಸ್ಥಾಪಿಸಬಹುದು. ಭವ್ಯವಾದ ಕಟ್ಟಡಕ್ಕಾಗಿ ಹತ್ತು ವರ್ಷ ಕಾಯುವುದಕ್ಕಿಂತ ಹತ್ತಿರದ ತಗಡಿನ ಚಾವಣಿಯ ಕೆಳಗೆ ನಾಳೆಯೇ ನಿಲ್ಲಬಲ್ಲ ಒಂದು ವಾಹನವು ಹೆಚ್ಚು ಜೀವಗಳನ್ನು ಉಳಿಸೀತು.

ಇನ್ನು ನೀರಿನ ಮಾತು. ನಮ್ಮ ದಳಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಜಲವಾಹನವೊಂದರ ತೊಟ್ಟಿಯಲ್ಲಿ ಸುಮಾರು 4,500 ಲೀಟರು ನೀರು ಹಿಡಿಯುತ್ತದೆ. ಒಂದು ನಳಿಕೆಯಿಂದ ನಿಮಿಷಕ್ಕೆ 450 ಲೀಟರು ಚಿಮ್ಮಿದರೆ ಆ ತೊಟ್ಟಿ ಹತ್ತು ನಿಮಿಷಕ್ಕೆ ಬರಿದು. ಎರಡು ನಳಿಕೆ ತೆರೆದರೆ ಐದೇ ನಿಮಿಷ. ಅಷ್ಟರಲ್ಲಿ ಬೆಂಕಿ ಅಡಗದಿದ್ದರೆ ವಾಹನವು ನೀರು ಹುಡುಕುತ್ತ ಹೋಗಬೇಕು. ರಸ್ತೆಯ ಬದಿಯಲ್ಲಿ ಒತ್ತಡದ ನೀರು ಸದಾ ಸಿದ್ಧವಾಗಿರುವ ಹೈಡ್ರೆಂಟುಗಳೇ ಇದಕ್ಕೆ ಪರಿಹಾರವೆಂದು ಅನೇಕ ದೇಶಗಳು ಬಹುಕಾಲದ ಹಿಂದೆಯೇ ಕಂಡುಕೊಂಡಿವೆ. ನೂರು ಕಿಲೋಮೀಟರು ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತಂದು, ಅದನ್ನೂ ಸರದಿಯ ಪ್ರಕಾರ ಬಿಡುವ ಊರಿನಲ್ಲಿ ಕೊಳಾಯಿಯೊಳಗೆ ಇಪ್ಪತ್ತುನಾಲ್ಕು ಗಂಟೆಯೂ ಒತ್ತಡ ನಿಲ್ಲುವುದು ದುಸ್ತರವೆಂಬುದು ನಿಜವೇ. ಆದರೆ ಕುಡಿಯುವ ನೀರಿನಿಂದಲೇ ಬೆಂಕಿಯನ್ನು ಆರಿಸಬೇಕೆಂಬ ನಿಯಮವಾದರೂ ಎಲ್ಲಿದೆ? ಶುದ್ಧೀಕರಿಸಿದ ಬಳಕೆನೀರು ನಮ್ಮಲ್ಲಿ ಹೇರಳವಾಗಿದೆ. ಅದನ್ನು ತುಂಬಿದ ನೆಲದಡಿಯ ಸಂಪುಗಳನ್ನು ವಾರ್ಡಿಗೊಂದರಂತೆ ಆಟದ ಮೈದಾನಗಳ ಅಡಿಯಲ್ಲಿಯೂ ಮಾರುಕಟ್ಟೆಗಳ ಅಂಗಳದಲ್ಲಿಯೂ ನಿರ್ಮಿಸಬಹುದು. ಹಿರಿಯರು ಕಟ್ಟಿಕೊಟ್ಟ ಕೆರೆಗಳು ಇನ್ನೂ ಕೆಲವು ಉಳಿದಿವೆ. ಅವುಗಳ ಏರಿಯ ಮೇಲೆ ವಾಹನ ನಿಂತು ನೀರೆಳೆಯಬಲ್ಲ ಕಲ್ಲುಗಟ್ಟೆಗಳನ್ನು ಹಾಕಿಸಬಹುದು. ಪಂಪು ಕೆಳಗಿನಿಂದ ಹೀರಬಲ್ಲದ್ದು ಏಳು ಮೀಟರಿನಷ್ಟು ಆಳದಿಂದ ಮಾತ್ರವಾದ್ದರಿಂದ ಆ ಕಟ್ಟೆಗಳು ನೀರಿಗೆ ಸಮೀಪವಾಗಿರಬೇಕೆಂಬುದೊಂದೇ ಕಟ್ಟಳೆ. ಬೆಳ್ಳಂದೂರು ಕೆರೆ 2018ರ ಜನವರಿಯಲ್ಲಿ ತಾನೇ ಹೊತ್ತಿ ಉರಿದು, ಅದನ್ನು ಆರಿಸಲು ಸೈನಿಕರು ಬರಬೇಕಾಯಿತು. ಊರಿನ ಬೆಂಕಿಗೆ ನೀರು ಕೊಡಬೇಕಾದ ಕೆರೆಯನ್ನು ನಾವು ಬೆಂಕಿಯ ಮನೆಯಾಗಿಸಿದೆವೆಂಬ ನೋವಿನಿಂದಲಾದರೂ ಕೆರೆಗಳ ಜೀರ್ಣೋದ್ಧಾರಕ್ಕೆ ಈ ಪ್ರಯೋಜನವನ್ನೂ ಸೇರಿಸಿಕೊಳ್ಳಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂದು ಗಾದೆ ಹೇಳಿದವರ ವಂಶಜರಾದ ನಾವು ಆ ಬಾವಿಯನ್ನು ಮುಂಚೆಯೇ ತೋಡಿಡುವುದರಲ್ಲಿ ಯಾರಿಗೂ ಹಿಂದಾಗಬಾರದು.

ಹಳೆಯ ಪೇಟೆಗಳ ಸಮಸ್ಯೆ ಬೇರೆಯದು. ನಗರ್ತಪೇಟೆ, ಬಳೇಪೇಟೆ, ಚಿಕ್ಕಪೇಟೆಗಳ ಓಣಿಗಳಲ್ಲಿ ನಿಂತು ನೋಡಬೇಕು. ಕೆಳಗೆ ದಾಸ್ತಾನು, ನಡುವೆ ಅಂಗಡಿ, ಮೇಲೆ ಸಂಸಾರ. ಮೂರಕ್ಕೂ ಸೇರಿ ಒಂದೇ ಇಕ್ಕಟ್ಟಾದ ಮೆಟ್ಟಿಲು. ತಲೆಯ ಮೇಲೆ ವಿದ್ಯುತ್ತಿನ, ಕೇಬಲ್ಲಿನ ತಂತಿಗಳು ಜಾಲವಾಗಿ ಹೆಣೆದುಕೊಂಡಿವೆ. ಇಕ್ಕೆಲದಲ್ಲಿ ಸ್ಕೂಟರುಗಳು ಹ್ಯಾಂಡಲಿಗೆ ಹ್ಯಾಂಡಲ್ ತಾಗಿ ನಿಂತಿವೆ. ಜಲವಾಹನವು ಮುಖ್ಯರಸ್ತೆಯಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಬೆಂಕಿಯ ಬಾಗಿಲು 150 ಮೀಟರು ಒಳಗಿದ್ದರೆ, ಹದಿನೈದು ಮೀಟರಿನ ಹೋಸ್ ಪೈಪುಗಳನ್ನು ಹತ್ತು ಸಲ ಉರುಳಿಸಿ ಹಾಸಿ, ಒಂದೊಂದರ ತುದಿಯನ್ನು ಇನ್ನೊಂದಕ್ಕೆ ಕೂಡಿಸಿ, ಸ್ಕೂಟರುಗಳ ಚಕ್ರಕ್ಕೆ ಸಿಕ್ಕಿ ಮಡಚಿಕೊಂಡ ಕಡೆಯಲ್ಲೆಲ್ಲ ಬಿಡಿಸಿ, ಆಮೇಲೆ ನೀರು ಬಿಡೆಂದು ಕೂಗಬೇಕು. ಠಾಣೆಯಿಂದ ಓಣಿಯ ಬಾಯಿಗೆ ಬರುವುದಕ್ಕೆ ಹಿಡಿದಷ್ಟೇ ಹೊತ್ತು ಓಣಿಯ ಬಾಯಿಂದ ಬೆಂಕಿಯ ಬಾಗಿಲಿಗೆ ಹೋಗುವುದಕ್ಕೂ ಹಿಡಿದೀತು. 2025ರ ಆಗಸ್ಟಿನಲ್ಲಿ ನಗರ್ತಪೇಟೆಯ ಕಟ್ಟಡವೊಂದು ಉರಿದು ಐವರು ತೀರಿಕೊಂಡದ್ದು ಇಂಥ ಸನ್ನಿವೇಶದಲ್ಲಿಯೇ. ಇಲ್ಲಿ ಬೇಕಾದದ್ದು ದೊಡ್ಡ ವಾಹನಗಳಲ್ಲ. ಓಣಿಯೊಳಕ್ಕೆ ನುಗ್ಗಬಲ್ಲ ಚಿಕ್ಕ ಪಂಪುಗಾಡಿಗಳು, ಮಂಜಿನಂತೆ ನೀರೆರಚುವ ಉಪಕರಣ ಹೊತ್ತ ಮೋಟಾರು ಸೈಕಲ್ಲುಗಳು, ಮತ್ತು ಓಣಿಯ ಉದ್ದಕ್ಕೂ ಒಣಕೊಳವೆಯನ್ನು ಹೂತಿಟ್ಟು ಮುಖ್ಯರಸ್ತೆಯ ತುದಿಯಲ್ಲಿ ವಾಹನವು ಅದಕ್ಕೆ ನೀರೊತ್ತಿದರೆ ಒಳಗಿನ ತುದಿಯಲ್ಲಿ ಚಿಮ್ಮುವಂಥ ಏರ್ಪಾಡು. ಇಂಥ ಕೊಳವೆಗೆ ತಗಲುವ ವೆಚ್ಚ ಆ ಓಣಿಯ ಒಂದೇ ಗೋದಾಮಿನ ಸರಕಿನ ಬೆಲೆಗಿಂತ ಹೆಚ್ಚಾಗಲಾರದು.

ಈಗ ಆಡಳಿತದ ಪ್ರಶ್ನೆ: ಈ ದಳ ಯಾರ ಅಧೀನದಲ್ಲಿರಬೇಕು? ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಮುಂಬಯಿಯಲ್ಲಿ ಅದು ಮಹಾನಗರಪಾಲಿಕೆಯದೇ ಅಂಗ. ಕರ್ನಾಟಕದಲ್ಲಾದರೋ 1964ರ ಅಗ್ನಿಶಾಮಕ ದಳ ಅಧಿನಿಯಮದ ಪ್ರಕಾರ ಅದು ರಾಜ್ಯ ಸರ್ಕಾರದ ಪ್ರತ್ಯೇಕ ಇಲಾಖೆ. ಐದು ಪಾಲಿಕೆಗಳು ಬಂದ ಮೇಲೆ ದಳವನ್ನೂ ಐದಾಗಿ ಹಂಚಬೇಕೆಂಬ ಸಲಹೆ ಎಂದಾದರೂ ಎದ್ದರೆ, ಅದಕ್ಕೆ ಮುಂಚೆ ಅಮೆರಿಕದ ಬಾಲ್ಟಿಮೋರ್ ನಗರದ ವೃತ್ತಾಂತವನ್ನು ಎಲ್ಲರೂ ಓದತಕ್ಕದ್ದು. 1904ರ ಫೆಬ್ರವರಿ 7ರಂದು ಅಲ್ಲಿ ಬೆಂಕಿ ಹತ್ತಿತು. ವಾಷಿಂಗ್‌ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಮೊದಲಾದ ನಗರಗಳಿಂದ ದಳಗಳು ರೈಲುಗಾಡಿಗಳಲ್ಲಿ ತಮ್ಮ ಪಂಪುಗಳೊಡನೆ ಧಾವಿಸಿ ಬಂದವು. ಬಂದವರು ತಮ್ಮ ಹೋಸ್ ಪೈಪುಗಳನ್ನು ಬಾಲ್ಟಿಮೋರಿನ ಹೈಡ್ರೆಂಟುಗಳಿಗೆ ಹಚ್ಚಲು ಹೋದರೆ ತಿರುಪುಗಳ ಅಳತೆಯೇ ಬೇರೆ; ಒಂದೊಂದು ನಗರದ್ದೂ ಒಂದೊಂದು ಬಗೆ. ಸಹಾಯಕ್ಕೆ ಬಂದ ಬಹುಮಂದಿ ಕೈಯಲ್ಲಿ ಪೈಪು ಹಿಡಿದು ನಿಸ್ಸಹಾಯಕರಾಗಿ ನಿಂತರು. ಮೂವತ್ತು ಗಂಟೆಗಳ ಕಾಲ ಉರಿದ ಆ ಬೆಂಕಿಯಲ್ಲಿ ಸುಮಾರು 1,500 ಕಟ್ಟಡಗಳು ನಾಶವಾದವು. ತಿರುಪುಗಳಿಗೆ ದೇಶಕ್ಕೆಲ್ಲ ಒಂದೇ ಅಳತೆಯನ್ನು ಗೊತ್ತುಪಡಿಸುವ ಯತ್ನ ಆಮೇಲೆ ಬಲಗೊಂಡಿತು.

ಹೋಸ್ ಪೈಪಿನ ತಿರುಪಿನ ಮಾತು ಹಾಗಿರಲಿ. ಕೂಡಿಕೊಳ್ಳದ ತಿರುಪುಗಳು ಆಡಳಿತದಲ್ಲಿ ಬೇಕಾದಷ್ಟಿವೆ. ಕಟ್ಟಡದ ನಕ್ಷೆ ಪಾಲಿಕೆಯ ಬಳಿ, ಬಡಾವಣೆಯ ನಕ್ಷೆ ಬಿ.ಡಿ.ಎ.ಯ ಬಳಿ, ನೀರಿನ ಕೊಳವೆಗಳ ವಿವರ ಜಲಮಂಡಳಿಯ ಬಳಿ, ವಿದ್ಯುತ್ತನ್ನು ಕಡಿಯುವ ಅಧಿಕಾರ ಬೆಸ್ಕಾಂ ಬಳಿ, ಅಡುಗೆ ಅನಿಲದ ಕೊಳವೆ ಇನ್ನೊಬ್ಬರ ಬಳಿ. ಬೆಂಕಿಯೆದುರು ನಿಂತ ಠಾಣಾಧಿಕಾರಿಯ ಕೈಗೆ ಈ ಐದೂ ಸಂಗತಿಗಳು ದಾರಿಯಲ್ಲಿ ಬರುತ್ತಿರುವಾಗಲೇ ಒದಗಬೇಕು. ಆದ್ದರಿಂದ ನನ್ನ ಮತ ಹೀಗಿದೆ: ಬೆಂಕಿಯನ್ನು ಎದುರಿಸುವ ದಳ, ಅದರ ಶಿಕ್ಷಣ, ಉಪಕರಣ, ನಿಯಂತ್ರಣ ಕೊಠಡಿ, ಇವೆಲ್ಲವೂ ಇಡೀ ಮಹಾನಗರಕ್ಕೆ ಒಂದಾಗಿಯೇ ಇರಬೇಕು, ಕರೆ ಬಂದಾಗ ಹೊರಡತಕ್ಕದ್ದು ಸಮೀಪದ ವಾಹನ, ಅದು ಯಾವ ಪಾಲಿಕೆಯ ಎಲ್ಲೆಯಲ್ಲಿ ನಿಂತಿದ್ದರೂ ಸರಿಯೆ. ಆದರೆ ನೀರನ್ನು ಒದಗಿಸುವ, ಓಣಿಯನ್ನು ತೆರವಾಗಿಡುವ, ಠಾಣೆಗೆ ನೆಲ ಕೊಡುವ ಹೊಣೆಯನ್ನು ಕಾನೂನಿನ ಮೂಲಕ ಒಂದೊಂದು ಪಾಲಿಕೆಗೂ ಅಂಟಿಸಿ, ವರ್ಷಕ್ಕೊಮ್ಮೆ ಅದರ ಲೆಕ್ಕವನ್ನು ಜನರೆದುರು ಇಡುವಂತೆ ಮಾಡಬೇಕು. ಹೋರಾಟ ಒಂದೇ ಕೈಯಲ್ಲಿ, ಸಿದ್ಧತೆ ಐದು ಕೈಗಳಲ್ಲಿ.

ಹಣದ ವಿಷಯದಲ್ಲಿ ಲಂಡನ್ನಿನ ಇತಿಹಾಸ ಬೋಧಪ್ರದವಾಗಿದೆ. 1666ರ ಮಹಾಗ್ನಿಯ ತರುವಾಯ ಅಲ್ಲಿ ಹುಟ್ಟಿಕೊಂಡ ವಿಮಾ ಕಂಪನಿಗಳು ತಮ್ಮ ಆಸ್ತಿಯ ಹಿತಕ್ಕಾಗಿ ತಮ್ಮವೇ ದಳಗಳನ್ನು ಸಾಕಿದವು. 1833ರಲ್ಲಿ ಅವು ಒಂದುಗೂಡಿ ಜೇಮ್ಸ್ ಬ್ರೇಡ್‌ವುಡ್ಡನ ನಾಯಕತ್ವದಲ್ಲಿ ಒಂದೇ ದಳವನ್ನು ಕಟ್ಟಿದವು. 1861ರ ಜೂನ್ 22ರಂದು ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಬಿದ್ದಾಗ ಗೋಡೆ ಕುಸಿದು ಬ್ರೇಡ್‌ವುಡ್ಡನೇ ಅಸುನೀಗಿದ. ನಷ್ಟದ ಗಾತ್ರವನ್ನು ಕಂಡ ಕಂಪನಿಗಳು ಇಷ್ಟು ದೊಡ್ಡ ನಗರದ ರಕ್ಷಣೆ ತಮ್ಮಿಂದಾಗದೆಂದು ಸರ್ಕಾರಕ್ಕೆ ತಿಳಿಸಿದವು. ಅದರ ಫಲವಾಗಿ 1865ರ ಶಾಸನದಿಂದ ಸಾರ್ವಜನಿಕ ದಳ ಸ್ಥಾಪಿತವಾಯಿತು. ಅದರ ವೆಚ್ಚವನ್ನು ನಗರದ ತೆರಿಗೆದಾರರು, ಸರ್ಕಾರ, ವಿಮಾ ಕಂಪನಿಗಳು ಈ ಮೂವರೂ ಹಂಚಿಕೊಳ್ಳುವಂತೆ ಕಟ್ಟಳೆ ಮಾಡಿದರು. ನಮ್ಮಲ್ಲಿಯೂ ಎತ್ತರದ ಕಟ್ಟಡಗಳ, ದಾಸ್ತಾನು ಮಳಿಗೆಗಳ, ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಮೇಲೆ ಅವು ತಂದೊಡ್ಡುವ ಅಪಾಯಕ್ಕೆ ತಕ್ಕಂತೆ ಒಂದು ಕರವನ್ನು ವಿಧಿಸಿ, ವಿಮೆಯ ಕಂತಿನಿಂದಲೂ ಒಂದಂಶವನ್ನು ಪಡೆದು, ಆ ಹಣ ಠಾಣೆಗೂ ನೀರಿಗೂ ಹೊರತು ಬೇರಾವುದಕ್ಕೂ ಹೋಗದಂತೆ ಬಂದೋಬಸ್ತು ಮಾಡುವುದು ನ್ಯಾಯಸಮ್ಮತ.

ಇಷ್ಟಾದರೂ ದಳ ಬರುವುದು ಬೆಂಕಿ ಎದ್ದ ಮೇಲೆಯೇ. ಅದು ಏಳದಂತೆ, ಎದ್ದರೂ ಹರಡದಂತೆ, ಹರಡಿದರೂ ಜನ ಇಳಿದು ಪಾರಾಗುವಂತೆ ಕಟ್ಟಡವನ್ನು ಕಟ್ಟಿಸುವುದು ದಳದ ಶ್ರೇಷ್ಠತರ ಕಾರ್ಯ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಸುಟ್ಟುಹೋದಾಗ, ಅದರ ತಾಣದಲ್ಲಿ ಹೆನ್ರಿ ಇರ್ವಿನ್ನನ ಯೋಜನೆಯಂತೆ 1912ರಲ್ಲಿ ಮುಗಿದ ಈಗಿನ ಅರಮನೆಯನ್ನು ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಕಟ್ಟಿದರು. ಸುಟ್ಟದ್ದರಿಂದ ಕಲಿತು ಕಟ್ಟುವುದೆಂದರೆ ಅದು. ಕಾರ್ಲ್‌ಟನ್ ಟವರ್ಸಿನಲ್ಲಿ ಕೊಂದದ್ದು ಉರಿಯಲ್ಲ, ಹೊಗೆ. ವಿದ್ಯುತ್ ತಂತಿಗಳನ್ನು ಒಯ್ಯುವ ಲಂಬಮಾರ್ಗದಲ್ಲಿ ಹೊತ್ತಿದ ಬೆಂಕಿಯ ಧೂಮ ಅದೇ ಮಾರ್ಗವಾಗಿ ಮೇಲಿನ ಅಂತಸ್ತುಗಳನ್ನು ತುಂಬಿತು. ಉಸಿರುಗಟ್ಟಿದವರು ಕಿಟಕಿಗಳನ್ನು ಒಡೆದು ಹಾರಿದರು. ಒಂದೊಂದು ಅಂತಸ್ತಿನಲ್ಲಿಯೂ ಆ ಮಾರ್ಗವನ್ನು ಉರಿಯದ ವಸ್ತುವಿನಿಂದ ಬಿಗಿಯಾಗಿ ಮುಚ್ಚಿದ್ದರೆ, ತುರ್ತು ಮೆಟ್ಟಿಲಿನ ದಾರಿ ಹೊಗೆ ನುಗ್ಗದಂತೆ ತೆರವಾಗಿದ್ದರೆ, ಹೆಚ್ಚು ಮಂದಿ ತಾವಾಗಿಯೇ ಇಳಿದು ಬರಬಹುದಾಗಿತ್ತು. 2019ರ ಮೇ ತಿಂಗಳಿನಲ್ಲಿ ಸೂರತ್ತಿನ ವಾಣಿಜ್ಯ ಕಟ್ಟಡವೊಂದರ ಮೇಲಂತಸ್ತಿನ ಪಾಠಶಾಲೆಯಲ್ಲಿ 22 ವಿದ್ಯಾರ್ಥಿಗಳು ಇಳಿಯುವ ದಾರಿ ಇಲ್ಲದೆ ಸತ್ತದ್ದು ಕೂಡ ಇದೇ ಕಥೆಯ ಪುನರಾವೃತ್ತಿ.

ದಳವು ಕೊಡುವ ನಿರಾಕ್ಷೇಪಣಾ ಪತ್ರವೆಂಬುದು ಕಟ್ಟಡದ ಜೀವಮಾನದಲ್ಲಿ ಒಮ್ಮೆ ಪಡೆದು ಕಪಾಟಿನಲ್ಲಿಡುವ ಕಾಗದವಾಗಬಾರದು. ಗೃಹಪ್ರವೇಶದ ದಿನ ತೆರವಾಗಿದ್ದ ಮೆಟ್ಟಿಲು ಮೂರನೆಯ ವರ್ಷಕ್ಕೆ ಹಳೆಯ ಸಾಮಾನಿನ ಉಗ್ರಾಣವಾಗುತ್ತದೆ. ಪಂಪಿನ ಬ್ಯಾಟರಿ ಸತ್ತಿರುತ್ತದೆ. ನೀರಿನ ತೊಟ್ಟಿಯಿಂದ ತೋಟಕ್ಕೆ ಕೊಳವೆ ಎಳೆದಿರುತ್ತಾರೆ. ಆದುದರಿಂದ ತಪಾಸಣೆಗೆಂದೇ ಒಂದು ಪ್ರತ್ಯೇಕ ಶಾಖೆ, ಕಟ್ಟಡಶಾಸ್ತ್ರವನ್ನೂ ವಿದ್ಯುಚ್ಛಾಸ್ತ್ರವನ್ನೂ ಬಲ್ಲ ಎಂಜಿನಿಯರುಗಳಿಂದ ಕೂಡಿದ್ದು, ಇರಬೇಕು. ಅದರ ವರದಿ ಎಲ್ಲರೂ ಓದಬಹುದಾದಂತೆ ಕಟ್ಟಡದ ಬಾಗಿಲಿನಲ್ಲಿಯೇ ತೂಗಬೇಕು. ಆಸ್ಪತ್ರೆ, ಶಾಲೆ, ಚಿತ್ರಮಂದಿರ, ಕಲ್ಯಾಣಮಂಟಪಗಳಿಗೆ ಈ ತಪಾಸಣೆಯಲ್ಲಿ ಮೊದಲ ಸರದಿ ಸಲ್ಲತಕ್ಕದ್ದು. ಬೆಂಗಳೂರಿನ ದಳದ ಬಳಿ ಈಗ 90 ಮೀಟರು ಮೇಲಕ್ಕೇರಬಲ್ಲ ಏಣಿವಾಹನವಿದೆ. ಅದರ ಬೆಲೆ ಅಪಾರ, ಪ್ರಯೋಜನವೂ ನಿಸ್ಸಂದೇಹ. ಆದರೆ ಅಂಥ ವಾಹನ ಊರಿನ ಯಾವುದೋ ಒಂದು ಮೂಲೆಯಲ್ಲಿ ಮಾತ್ರ ನಿಂತಿರಲು ಸಾಧ್ಯ. ಮುಟ್ಟಿದರೂ ಅದು ಕಾಲೂರಲು ಗಟ್ಟಿಯಾದ ವಿಶಾಲವಾದ ಅಂಗಳ ಬೇಕು. ಎತ್ತರದ ಕಟ್ಟಡದಲ್ಲಿ ಬೆಂಕಿಯೊಡನೆ ಒಳಗಿನಿಂದಲೇ ಹೋರಾಡಬೇಕಾದ್ದರಿಂದ, ಕಟ್ಟಡದೊಳಗಿನ ನೀರಿನ ಕೊಳವೆ, ತಾನಾಗಿ ನೀರೆರಚುವ ಸ್ಪ್ರಿಂಕ್ಲರು, ಹೊಗೆ ನುಗ್ಗದ ಮೆಟ್ಟಿಲು ಇವುಗಳೇ ಅಲ್ಲಿನ ನಿಜವಾದ ದಳ.

ಉಪಕರಣಗಳ ಮಾತಿನಲ್ಲಿ ಮನುಷ್ಯನನ್ನು ಮರೆಯಲಾಗದು. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದಾಗ ಬೆಂಕಿಯೊಡನೆ ಹೋರಾಡುತ್ತ 66 ಮಂದಿ ಅಗ್ನಿಶಾಮಕರು ಅಳಿದರು. ಆ ದಿನವನ್ನೇ ನಾವು ರಾಷ್ಟ್ರೀಯ ಅಗ್ನಿಶಾಮಕ ದಿನವೆಂದು ವರ್ಷವರ್ಷವೂ ಆಚರಿಸುತ್ತೇವೆ. ಪುಷ್ಪಗುಚ್ಛದ ಗೌರವಕ್ಕಿಂತ ಅವರಿಗೆ ಸಲ್ಲಬೇಕಾದ ಗೌರವ ಬೇರೆಯಿದೆ: ಖಾಲಿ ಹುದ್ದೆಗಳನ್ನು ತುಂಬಿ, ಒಂದು ವಾಹನಕ್ಕೆ ಬೇಕಾದ ಪೂರ್ಣಸಂಖ್ಯೆಯ ಸಿಬ್ಬಂದಿಯನ್ನು ಪಾಳಿ ಪಾಳಿಗೂ ಒದಗಿಸುವುದು, ಪ್ರತಿಯೊಬ್ಬನಿಗೂ ಅವನ ಮೈಗೆ ಹೊಂದುವ ಕವಚವನ್ನೂ ಹೊಗೆಯಲ್ಲಿ ಉಸಿರಾಡುವ ಉಪಕರಣವನ್ನೂ ಕೊಡುವುದು, ಬನ್ನೇರುಘಟ್ಟ ರಸ್ತೆಯ ಅಕಾಡೆಮಿಯಲ್ಲಿ ಕಲಿತದ್ದನ್ನು ಅವನು ತನ್ನ ಠಾಣೆಯ ಓಣಿಗಳಲ್ಲಿ ತಿಂಗಳು ತಿಂಗಳೂ ಅಭ್ಯಾಸ ಮಾಡುವಂತೆ ಬಿಡುವು ಕಲ್ಪಿಸುವುದು. ತನ್ನ ಹತ್ತು ಚದರ ಕಿಲೋಮೀಟರಿನ ಒಂದೊಂದು ತಿರುವನ್ನೂ ಸಂಪನ್ನೂ ಗೋದಾಮನ್ನೂ ಕಣ್ಣು ಕಟ್ಟಿದರೂ ಬಲ್ಲ ಚಾಲಕನಿಗೆ ಸಮನಾದ ಯಂತ್ರ ಯಾವುದೂ ಇಲ್ಲ.

ಕಡೆಯದಾಗಿ ನಾಗರಿಕರ ಪಾತ್ರ. ಮರದ ಮನೆಗಳಿಂದ ತುಂಬಿ ಪದೇಪದೇ ಉರಿಯುತ್ತಿದ್ದ ಜಪಾನಿನ ಎದೋ ನಗರದಲ್ಲಿ 1720ರಲ್ಲಿ ಪೇಟೆಯ ಜನರನ್ನೇ ತಂಡತಂಡಗಳಾಗಿ ಸಂಘಟಿಸಿದರು. ಆ ನಗರದ ಉತ್ತರಾಧಿಕಾರಿಯಾದ ಟೋಕಿಯೋದಲ್ಲಿ ಇಂದಿಗೂ ಸರ್ಕಾರಿ ದಳದ ಜೊತೆಗೆ ಬಡಾವಣೆಗಳ ಸ್ವಯಂಸೇವಕ ದಳಗಳಿವೆ. ನಮ್ಮಲ್ಲಿ ಗೃಹರಕ್ಷಕ ದಳ, ಪೌರರಕ್ಷಣಾ ದಳಗಳು ಮೊದಲೇ ಉಂಟು. ಅಪಾರ್ಟ್‌ಮೆಂಟುಗಳ ಸಂಘಗಳೂ ಪೇಟೆಯ ವರ್ತಕ ಸಂಘಗಳೂ ಸಾಕಷ್ಟಿವೆ. ವಾರ್ಡಿಗೆ ಇಪ್ಪತ್ತು ಮಂದಿಯಾದರೂ ಅಗ್ನಿನಂದಕವನ್ನು ಬಳಸಲು, ವಿದ್ಯುತ್ತನ್ನು ಕಡಿಯಲು, ಮೆಟ್ಟಿಲಿನಲ್ಲಿ ಜನರನ್ನು ಸಾಲಾಗಿ ಇಳಿಸಲು, ಬಂದ ದಳಕ್ಕೆ ದಾರಿ ತೋರಲು ಕಲಿತಿದ್ದರೆ, ಠಾಣೆಯಿಂದ ವಾಹನ ಬರುವುದಕ್ಕೆ ಮುಂಚಿನ ಆರು ನಿಮಿಷಗಳು ವ್ಯರ್ಥವಾಗವು.

ಐದು ಪಾಲಿಕೆಗಳಿಗೂ ಅವುಗಳ ಮೇಲಿನ ಪ್ರಾಧಿಕಾರಕ್ಕೂ ಮಾಡುವ ವಿನಂತಿ ಇಷ್ಟೆ. ನಿಮ್ಮ ಮುಂದಿನ ಆಯವ್ಯಯ ಪತ್ರದಲ್ಲಿ ಮೇಲುಸೇತುವೆಗಳ ಅಂದಾಜಿನ ಪಕ್ಕದಲ್ಲಿಯೇ ಠಾಣೆಗಳ, ಸಂಪುಗಳ, ಓಣಿಯ ಒಣಕೊಳವೆಗಳ ಅಂದಾಜನ್ನೂ ಬರೆಯಿರಿ. ಆರು ನಿಮಿಷದ ನಕ್ಷೆಯನ್ನು ಮುದ್ರಿಸಿ ಪ್ರತಿಯೊಂದು ವಾರ್ಡಿನ ಕಚೇರಿಯಲ್ಲಿಯೂ ತೂಗುಹಾಕಿರಿ. ತನ್ನ ಮನೆ ಆ ನಕ್ಷೆಯ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ತೆರಿಗೆ ಕಟ್ಟಲು ಬಂದ ಪ್ರತಿಯೊಬ್ಬನೂ ಅಲ್ಲಿಯೇ ನಿಂತು ನೋಡಲಿ. ಹೊರಗಿದ್ದವನು ಒಳಗಾಗುವುದು ಯಾವ ವರ್ಷವೆಂದು ಕೇಳಲಿ. ಆ ಪ್ರಶ್ನೆಗೆ ಪಾಲಿಕೆ ಒಂದು ಇಸವಿಯನ್ನು ಬರೆದುಕೊಟ್ಟು, ಬರೆದಂತೆ ನಡೆದುಕೊಳ್ಳಲಿ.